ತೂಕದ ಕಟ್ಟೆಯ ಸಿಗರೇಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.10

ಕೀ ತಿರುಗಿಸಿ ಇಪ್ಪತ್ತೆರಡು ಎಣಿಸಿದೆ. ಸ್ಟಾರ್ಟ್. ಒಂದೇ ಏಟಿಗೆ. ಇಪ್ಪತ್ತಾರು ವರ್ಷದ ಡೀಸೆಲ್ ಪಿಕಪ್ಪು, ಅದೂ ಈ ಚಳಿಯಲ್ಲಿ. ಇಂಜಿನ್ ಬಿಸಿ ಮಾಡುವ ಗ್ಲೋ ಪ್ಲಗ್ ಕಾಯುವಷ್ಟು ಹೊತ್ತು ಕಾದರೆ ಯಾವ ತಕರಾರೂ ಮಾಡದ ಗಾಡಿ. ತಾಳ್ಮೆ ಇಲ್ಲದವರು ಎಂಟು ಎಣಿಸುವುದರೊಳಗೆ ತಿರುಗಿಸಿ, ಬೀದಿ ತುಂಬ ಬಿಳಿ ಹೊಗೆ ಎಬ್ಬಿಸಿ, "ಇದನ್ನ ಗುಜರಿಗೆ ಹಾಕ್ಬೇಕು" ಅನ್ನುತ್ತಾರೆ.

ಸೀಟು ಮತ್ತೆ ಹಿಂದಕ್ಕೆ ಹೋಗಿದೆ. ನಿನ್ನೆ ಯಾರು ಕೂತಿದ್ದರು ಅಂತ ಕೇಳಬೇಕಾಗಿಲ್ಲ. ಅಷ್ಟುದ್ದ ಕಾಲಿನವರು ಈ ಮನೆಯಲ್ಲಿ ಒಬ್ಬರೇ. ಅಳಿಯ ದೇವರು. ಕನ್ನಡಿಯನ್ನೂ ತಿರುಗಿಸಿದ್ದಾರೆ. ಅದಕ್ಕೆ ಹಸಿರು ರಟ್ಟಿನ ಮರವೊಂದನ್ನು ಬೇರೆ ನೇತುಹಾಕಿದ್ದಾರೆ, ಪರಿಮಳಕ್ಕೆ. ಡೀಸೆಲ್ ವಾಸನೆ ಅವರಿಗೆ ಆಗಿಬರುವುದಿಲ್ಲವಂತೆ. ಆಗದಿದ್ದರೆ ಇಳಿದು ನಡೆಯಲಿ. ಮರವನ್ನು ಕಿತ್ತು ಚರಂಡಿಗೆ ಎಸೆದೆ. ಸೀಟು ಮುಂದಕ್ಕೆಳೆದೆ. ಕನ್ನಡಿ ಸರಿ ಮಾಡಿದೆ. ದಿನಾ ಬೆಳಿಗ್ಗೆ ಇದೇ ಹಣೆಬರಹ.

ಎಮ್ಮೆಯನ್ನು ಶಾಲೆಯ ಮೈದಾನಕ್ಕೆ ಬಿಟ್ಟು ಬಂದೆ. ಎಮ್ಮೆ ಅಂದರೆ ನಮ್ಮ ರೋಡ್ ರೋಲರ್. ಎರಡೂವರೆ ಟನ್. ಅದು ಮಲಗುವ ಟ್ರೇಲರ್ ಮುಕ್ಕಾಲು ಟನ್. ಇವೆರಡನ್ನೂ ಇವತ್ತು ಅಲ್ಲಿ, ನಾಳೆ ಇಲ್ಲಿ ಎಳೆದು ಬಾಡಿಗೆಗೆ ಬಿಡುವುದೇ ಈ ಮನೆಯ ಕಸುಬು. ಎಳೆಯುವುದು ಈ ಪಿಕಪ್ಪು, ಇವಳು. ಹೆಂಡತಿ ಇವಳನ್ನು "ನಿಮ್ಮ ಎರಡನೇ ಸಂಸಾರ" ಅನ್ನುತ್ತಾಳೆ. ಅನ್ನಲಿ. ಎರಡನೆಯದು ಎದುರು ಮಾತಾಡುವುದಿಲ್ಲ.

ಮಾರ್ಚ್ 4, ಮಂಗಳವಾರ

ಮಗಳ ಕಾಟ ತಾಳದೆ ಅಳಿಯನನ್ನು ಜೊತೆಗೆ ಕರೆದುಕೊಂಡು ಹೋದೆ. "ಅವ್ರಿಗೂ ಕಲ್ಸಪ್ಪಾ. ಎಷ್ಟು ದಿನ ನೀನೊಬ್ಬನೇ ಎಳೀತೀಯ?" ಅವನ ಟೈಲ್ಸ್ ಅಂಗಡಿ ಮುಚ್ಚಿ ಒಂದು ವರ್ಷ. ಅಂದಿನಿಂದ ಗಂಡ ಹೆಂಡತಿ ನಮ್ಮ ಮಹಡಿಯಲ್ಲಿ. ನೆಲಕ್ಕೆ ಅಂಟಿಸುವುದನ್ನು ಮಾರುತ್ತಿದ್ದವನಿಗೆ ಉರುಳುವುದನ್ನು ಕಲಿಸಬೇಕಂತೆ.

ಮೊದಲು ಅಡೆ ತೋರಿಸಿದೆ. ಟ್ರೇಲರ್ ಬಿಡಿಯಾಗಿ ನಿಂತಾಗ ಚಕ್ರಕ್ಕೆ ಕೊಡುವ ಮರದ ತುಂಡು. ಕೊಂಡಿ ಸಿಕ್ಕಿಸಿ, ಪಿನ್ ಹಾಕಿ, ಎರಡು ಸರಪಳಿ ಅಡ್ಡಡ್ಡ ಬಿಗಿದ ಮೇಲೆಯೇ ಅದನ್ನು ತೆಗೆಯಬೇಕು. ತೆಗೆದದ್ದನ್ನು ಡ್ಯಾಶ್‌ಬೋರ್ಡ್ ಮೇಲೆ, ಕಣ್ಣೆದುರಿಗೆ ಇಡಬೇಕು. ಅಡೆ ಡ್ಯಾಶ್‌ಬೋರ್ಡ್ ಮೇಲಿದ್ದರೆ ಟ್ರೇಲರಿನ ಚಕ್ರಕ್ಕೆ ತಡೆಯಿಲ್ಲ ಅಂತ ಅರ್ಥ. ನಮ್ಮ ಅಂಗಳದ ಕಾನೂನು. ತಲೆ ಆಡಿಸಿದ. ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಊರ ಹೊರಗಿನ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಕೊಟ್ಟೆ. ಎರಡು ಕಿಲೋಮೀಟರ್ ಹೋಗಿಲ್ಲ, ಫೋನ್ ಬಂತು. ಒಂದು ಕೈಯಲ್ಲಿ ಎತ್ತಿಯೇ ಬಿಟ್ಟ. ಇನ್ನೊಂದು ಕೈ ಸ್ವಲ್ಪ ಎಳೆಯಿತು. ಟ್ರೇಲರ್ ಬಾಲ ಅಲ್ಲಾಡಿಸಲು ಶುರು. ಮೂರೂ ಕಾಲು ಟನ್ ಹಿಂದಿನಿಂದ ಅಲ್ಲಾಡಿದರೆ ಮುಂದಿರುವವನು ಬರೀ ಗೊಂಬೆ. ಸ್ಟಿಯರಿಂಗ್ ನಾನೇ ಹಿಡಿದು, ಮೆಲ್ಲಗೆ ನಿಲ್ಲಿಸುವಷ್ಟರಲ್ಲಿ ಬೆನ್ನೆಲ್ಲ ಒದ್ದೆ.

"ಇಡ್ರೀ ಫೋನು!"

"ಫ್ರೆಂಡು ಮಾವ, ಒಂದ್ ನಿಮಿಷ..."

"ಯಾವನಾದ್ರೂ ಆಗ್ಲಿ. ಕೊಂಡಿ ಸಿಕ್ಕಿಸಿದ್ಮೇಲೆ ಫೋನು ಡ್ಯಾಶ್‌ಬೋರ್ಡಿನ ಈ ಡಬ್ಬಿ ಒಳಗೆ. ನಾನೇ ಮಾಡ್ಲಿ, ನಿಮ್ಮ ಹೆಂಡ್ತೀನೇ ಮಾಡ್ಲಿ, ಮನೇಗೆ ಬೆಂಕಿ ಬಿದ್ದಿದೆ ಅಂತ್ಲೇ ಮಾಡ್ಲಿ, ಎತ್ತಕೂಡ್ದು. ಮಾತಾಡ್ಬೇಕಾ? ನಿಲ್ಸಿ. ಹ್ಯಾಂಡ್‌ಬ್ರೇಕ್ ಎಳೀರಿ. ಇಳಿದು ಚಕ್ರಕ್ಕೆ ಅಡೆ ಕೊಡಿ. ಆಮೇಲೆ ಎಷ್ಟು ಬೇಕೋ ಅಷ್ಟು ಮಾತಾಡಿ. ಇನ್ನೊಂದ್ಸಲ ನೋಡಿದ್ರೆ ಕೈ ಮುರೀತೀನಿ!"

ಮುಖ ಕೆಂಪಾಯಿತು. ಫೋನನ್ನು ಡಬ್ಬಿಗೆ ಹಾಕಿದ. ಮನೆಗೆ ಬರುವವರೆಗೂ ಒಂದು ಮಾತಿಲ್ಲ. ಬಹಳ ಸುಖವಾಗಿತ್ತು.

ಮಾರ್ಚ್ 5, ಬುಧವಾರ

ಹೊಳೆ ದಂಡೆಯ ಕೆಲಸ, ಇವತ್ತೂ ಅಳಿಯ ಜೊತೆಗೆ. ಅಲ್ಲಿಗೆ ಎರಡು ದಾರಿ. ಒಂದು ಸುತ್ತು, ಗಂಟೆಗಟ್ಟಲೆ ಹೆಚ್ಚು. ಇನ್ನೊಂದು ಇಳಿಜಾರು. ಏಳು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಇಳಿಜಾರಿನ ತಲೆಯಲ್ಲಿ ಹಿಂದೆ ಲಾರಿ ತೂಗುತ್ತಿದ್ದ ಕಟ್ಟೆ. ಯಂತ್ರ ಕಿತ್ತುಕೊಂಡು ಹೋಗಿ ಎಷ್ಟೋ ವರ್ಷವಾಯಿತು, ಕಟ್ಟೆ ಮಾತ್ರ ಉಳಿದಿದೆ. ಎಂದಿನಂತೆ ಅಲ್ಲಿ ನಿಲ್ಲಿಸಿದೆ. ಇಳಿದೆ. ಸಿಗರೇಟು ಹಚ್ಚಿದೆ.

ನಿಂತಿದ್ದೇವಲ್ಲ, ಅಡೆ ಕೊಟ್ಟಿದ್ದೇವಲ್ಲ — ಅಳಿಯ ಫೋನ್ ತೆಗೆದ. ಕಾನೂನಿನ ಪ್ರಕಾರ! ನನಗೆ ಕೇಳಿಸಲಿ ಅಂತಲೇ ಮಗಳಿಗೆ ಹೇಳಿದ. "ನಿಮ್ಮಪ್ಪ ಕಟ್ಟೆ ಹತ್ರ ದಮ್ಮು ಎಳೀತಾ ಇದಾರೆ. ಹೂಂ, ಇದು ಇಲ್ದಿದ್ರೆ ಗಾಡಿ ಮುಂದಕ್ಕೇ ಹೋಗಲ್ವಂತೆ."

ಸಂಜೆ ಮನೆಯಲ್ಲಿ ಅಮ್ಮ ಮಗಳು ಇಬ್ಬರೂ ಸೇರಿ ಬೆವರಿಳಿಸಿದರು. ಡಾಕ್ಟರು ಹೇಳಿದ್ದೇನು, ನೀವು ಮಾಡುತ್ತಿರುವುದೇನು, ಮಾತು ಕೊಟ್ಟವರು ಯಾರು. ಅಳಿಯ ಮೂಲೆಯಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಕಣ್ಣು ಮೇಲೆತ್ತಲಿಲ್ಲ. ಬಾಯಿ ಮಾತ್ರ ಒಂದು ಮಗ್ಗುಲಿಗೆ ನಗುತ್ತಿತ್ತು. ಎರಡು ಬಾರಿಸೋಣ ಅನ್ನಿಸಿತು.

ಎಲ್ಲ ಕೇಳಿಸಿಕೊಂಡೆ. ಇಲ್ಲಿ ಮಾತ್ರ ಬರೆಯುತ್ತೇನೆ. ಈ ಡೈರಿಯ ರಟ್ಟಿನ ಮೇಲೆ 'ಗಾಡಿ ಪುಸ್ತಕ' ಅಂತಿದೆ, ಆಯಿಲ್ ಬದಲಿಸಿದ ತಾರೀಖು ಓದುವ ಆಸೆ ಈ ಮನೆಯಲ್ಲಿ ಯಾರಿಗೂ ಇಲ್ಲ. ಸಿಗರೇಟು ಬಿಟ್ಟು ಎರಡು ವರ್ಷವಾಯಿತು. ಹಚ್ಚುತ್ತೇನೆ, ಸೇದುವುದಿಲ್ಲ. ಬೆರಳ ಸಂದಿಯಲ್ಲಿ ಹಿಡಿದು ನಿಲ್ಲುತ್ತೇನೆ. ಅದು ತಾನಾಗಿ ಉರಿದು ಮುಗಿಯುವಷ್ಟರಲ್ಲಿ ಪೇಟೆ ದಾಟುವಾಗ ಕಾದ ಬ್ರೇಕು ಆರುತ್ತದೆ. ಆಮೇಲೆ ನಿಂತಲ್ಲೇ ಎರಡನೇ ಗೇರ್ ಹಾಕುತ್ತೇನೆ. ನಿಂತಲ್ಲೇ ಹಾಕಬೇಕು. ಓಡುವಾಗ ಮೂರರಿಂದ ಇಳಿಸಿದರೆ ಆ ಗೇರ್ ಬೀಳುವುದಿಲ್ಲ; ಬಯಲು ರಸ್ತೆಯಲ್ಲಿ ಹಾಗೆ ಇಳಿಸುವ ಅಗತ್ಯವಿಲ್ಲದೆ ಯಾರಿಗೂ ಗೊತ್ತಾಗಿಲ್ಲ. ಹೋದ ವರ್ಷದಿಂದ ಹೀಗೆ. ಗೇರ್‌ಬಾಕ್ಸ್ ಒಳಗೆ ಸವೆದಿದೆ. ಎರಡನೇ ಗೇರಿನಲ್ಲೇ ಕೆಳಗಿನವರೆಗೆ ಇಂಜಿನ್ ಭಾರವನ್ನು ತಡೆದು ಹಿಡಿಯುತ್ತದೆ, ಬ್ರೇಕಿಗೆ ಹೆಚ್ಚು ಕೆಲಸವಿಲ್ಲ.

ಮನೆಯಲ್ಲಿ ಬಾಯಿ ಬಿಟ್ಟರೆ ಮುಗಿಯಿತು. ಮರುದಿನವೇ ಗಾಡಿ ಗುಜರಿಗೆ. ಅದಕ್ಕಿಂತ ಚಟದ ಮುದುಕ ಅನ್ನಿಸಿಕೊಳ್ಳುವುದೇ ವಾಸಿ.

ಮಾರ್ಚ್ 8, ಶನಿವಾರ

ಊಟದ ಮೇಜಿನಲ್ಲಿ ಯುದ್ಧ. ಅಳಿಯ ನನ್ನ ಜೊತೆ ನೇರ ಮಾತಾಡುವುದನ್ನು ಬಿಟ್ಟಿದ್ದಾನೆ. ನಾನೂ ಬಿಟ್ಟಿದ್ದೇನೆ. ನಡುವೆ ಮಗಳು ಕೂತಿದ್ದಾಳೆ, ಪೋಸ್ಟ್ ಆಫೀಸಿನ ಹಾಗೆ.

"ನಿಮ್ಮಪ್ಪಂಗೆ ಹೇಳು, ಆ ಕಬ್ಬಿಣದ ರಾಶೀನ ಕೊಟ್ಬಿಟ್ಟು ಹೊಸ ಗಾಡಿ ತಗೊಳ್ಳೋಣ. ಗೇರೇ ಇಲ್ದಿರೋವು ಬಂದಿವೆ."

"ನಿನ್ನ ಗಂಡಂಗೆ ಹೇಳಮ್ಮ, ಗೇರಿಲ್ದೇ ಇರೋದು ಕುರ್ಚಿ. ಮನೇಲಿ ಆರಿದೆ, ಯಾವುದರಲ್ಲಾದ್ರೂ ಕೂತ್ಕೊಳ್ಳಲಿ."

"ಕೂತ್ಕೊಂಡು ತಿನ್ನೋನು ಅಂತ ಹೇಳ್ತಾ ಇದಾರಾ? ಕೇಳು."

"ನಾನು ಕುರ್ಚಿ ಅಂದೆ. ಉಳಿದಿದ್ದು ಅವನೇ ಅಂದ್ಕೊಂಡ."

ಮಗಳು ತಟ್ಟೆ ಸರಿಸಿ ಎದ್ದು ಹೋದಳು. ಅವಳ ತಟ್ಟೆಯಲ್ಲಿ ಊಟ ಹಾಗೇ ಇತ್ತು. ನಾವಿಬ್ಬರೂ ತಲೆ ತಗ್ಗಿಸಿ ನಮ್ಮ ನಮ್ಮದು ಮುಗಿಸಿದೆವು. ಅವನು ಅಗಿಯುವ ಸದ್ದು ನನಗೆ ಆಗುವುದಿಲ್ಲ. ಜಲ್ಲಿ ಹಾಕುವ ಸದ್ದು.

ಮಾರ್ಚ್ 10, ಸೋಮವಾರ

ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್‌ಗೆ ನಾವೆಲ್ಲ ಎಡಗೈ ಅನ್ನುತ್ತೇವೆ, ಸ್ಪ್ಯಾನರ್ ಹಿಡಿಯುವುದು ಆ ಕೈಯಲ್ಲಿ. ಇಪ್ಪತ್ತು ವರ್ಷದಿಂದ ಈ ಗಾಡಿಯ ಒಳಗನ್ನು ಅವನಷ್ಟು ಯಾರೂ ನೋಡಿಲ್ಲ. ಗೇರ್ ಅಲ್ಲಾಡಿಸಿ ನೋಡಿದ, ನಾಲಿಗೆ ಲೊಚಗುಟ್ಟಿದ.

"ಇದರ ಪಾರ್ಟು ಎಲ್ಲೂ ಸಿಗಲ್ಲ ಯಜಮಾನ್ರೇ. ಹುಡುಕ್ತಾ ಇದೀನಿ. ನೀವು ಮನೇಲಿ ಹೇಳಿದೀರಾ?"

"ಹೇಳೋಕೇನಿದೆ. ಓಡ್ಸೋನು ನಾನು. ನನಗೆ ಗೊತ್ತಿದೆ."

"ನಿಮ್ಮ ಅಳಿಯಂದಿರು ಮೊನ್ನೆ ಡೀಸೆಲ್ ಹಾಕಿಸ್ಕೊಂಡು ಬಂದಿದ್ರು. ಅವರೂ ಓಡಿಸ್ತಾರಲ್ಲ. ಗೊತ್ತಿಲ್ದೇ ಆ ಇಳಿಜಾರಿಗೆ ಹೋದ್ರು ಅನ್ನಿ. ಮೂರರಿಂದ ತೆಗೀತಾರೆ, ಎರಡು ಬೀಳಲ್ಲ, ಅಷ್ಟರಲ್ಲಿ ಸ್ಪೀಡ್ ಏರಿರುತ್ತೆ, ವಾಪಸ್ ಮೂರೂ ಬೀಳಲ್ಲ. ಹಿಂದಿನಿಂದ ಮೂರು ಟನ್ ನೂಕುತ್ತೆ. ಬರೀ ಬ್ರೇಕ್ ಮೇಲೆ ಏಳು ತಿರುವು... ಮೂರು ದಾಟೋ ಹೊತ್ತಿಗೆ ಬ್ರೇಕು ಹೊಗೆ. ನಾನು ಹೇಳೋದೇ ಬೇಡ ನಿಮಗೆ."

"ಹೇಳೋದೇ ಬೇಡ ಅಂದ್ಮೇಲೆ ಯಾಕಯ್ಯಾ ಹೇಳ್ತೀಯ?" ಅಂದೆ. ಅಳಿಯನ ಹತ್ತಿರ ಬಾಯಿ ಬಿಟ್ಟರೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ಬಿಡುತ್ತೇನೆ ಅಂತಲೂ ಅಂದೆ. ಎಡಗೈ ಕೈ ಒರೆಸಿಕೊಂಡ. ಮುಖ ನೋಡಲಿಲ್ಲ.

ಮಾರ್ಚ್ 15, ಶನಿವಾರ. ಆಸ್ಪತ್ರೆ

ಅಕ್ಷರ ಸೊಟ್ಟಗಿದೆ. ಮಲಗಿ ಬರೆಯುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಅಂಗಳದಲ್ಲಿ. ಕೊಂಡಿ ಸಿಕ್ಕಿಸಲು ಬಾಗಿದ್ದೆ. ಅಳಿಯ ಪಿಕಪ್ಪಿನಲ್ಲಿ, ಹಿಂದಕ್ಕೆ ತರುತ್ತಿದ್ದ. ಟ್ರೇಲರ್ ಇದ್ದಕ್ಕಿದ್ದಂತೆ ಉರುಳಿತು. ಮೂತಿಯ ಕೆಳಗಿನ ಸ್ಟ್ಯಾಂಡ್ ಜಾರಿತು. ಅಷ್ಟೂ ಭಾರ ನನ್ನ ಬಲಗಾಲಿನ ಪಾದದ ಮೇಲೆ. ಮೂರು ಮೂಳೆ. ಮೊಣಕಾಲಿನವರೆಗೆ ಪ್ಲಾಸ್ಟರ್. ಎರಡು ತಿಂಗಳು ನೆಲಕ್ಕೆ ಕಾಲೂರಬಾರದು.

ಅಡೆ ಇರಲಿಲ್ಲ. ಚಕ್ರಕ್ಕೆ ಅಡೆ ಇರಲಿಲ್ಲ! ಹಿಂದಿನ ದಿನ ಸಂಜೆ ನಿಲ್ಲಿಸಿದವನು ಅವನು. ಕಲಿಸಿದ್ದು ಎಂಟು ದಿನದ ಹಿಂದೆ. ಆಂಬುಲೆನ್ಸಿನಲ್ಲಿ ಮಲಗಿಯೇ ಬೈದೆ, ಆಸ್ಪತ್ರೆಯಲ್ಲೂ ಬೈದೆ. ಎಲ್ಲರ ಮುಂದೆ, ನರ್ಸಿನ ಮುಂದೆ, ಅವನ ಹೆಂಡತಿಯ ಮುಂದೆ. ಕೊಲೆಗಡುಕ ಅಂದೆ. ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ. ತಪ್ಪು ಮಾಡಿದವನು ಇನ್ನೇನು ಮಾತಾಡುತ್ತಾನೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 6.30

ಮನೆ. ಕೆಳಗಿನ ಕೋಣೆ, ಕಿಟಕಿ ಪಕ್ಕ ಮಂಚ. ಕಿಟಕಿಯಿಂದ ಅಂಗಳ ಕಾಣುತ್ತದೆ. ಕಾಣದಿದ್ದರೆ ಚೆನ್ನಾಗಿತ್ತು.

ಅವನು ಗಾಡಿ ಹತ್ತಿದ. ಸೀಟು ಹಿಂದಕ್ಕೆ ಹೋದ ಸದ್ದು — ಕಟ್, ಕಟ್, ಕಟ್ — ನನ್ನ ಪಕ್ಕೆಯಲ್ಲೇ ಆದ ಹಾಗಿತ್ತು. ಕೀ ತಿರುಗಿತು. ನಾನಿಲ್ಲಿ ಎಣಿಸಿದೆ. ಎಂಟು. ಕರ್ ಕರ್ ಕರ್... ಬಿಳಿ ಹೊಗೆ. ಮತ್ತೆ ಎಂಟು. ಮತ್ತೆ ಹೊಗೆ. ಹಲ್ಲು ಕಡಿದು ಕಡಿದು ದವಡೆ ನೋವು ಬಂತು.

"ಕಿಟಕಿ ಮುಚ್ಲಾ?" ಅಂದಳು ಹೆಂಡತಿ.

"ಬೇಡ. ನೋಡ್ಬೇಕು ನಾನು."

"ಯಾಕ್ ನೋಡ್ತೀರಾ? ಬಿಪಿ ಏರಿಸ್ಕೊಳ್ಳೋಕಾ?"

ನನ್ನ ಬಿಪಿ, ನನ್ನ ಕಿಟಕಿ.

ಮಾರ್ಚ್ 29, ಶನಿವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೇನಿಲ್ಲ. ಅವನು ಹೋಗುತ್ತಾನೆ, ಬರುತ್ತಾನೆ. ಬಯಲು ರಸ್ತೆಯ ಕೆಲಸಗಳು. ಟ್ರೇಲರ್ ಹಿಂದಕ್ಕೆ ಹಾಕುವಾಗ ಮೊದಮೊದಲು ಹಾವಿನ ಹಾಗೆ ತಿರುಚುತ್ತಿತ್ತು. ಈಗ ಎರಡೇ ಸಲಕ್ಕೆ ಹಾಕುತ್ತಾನೆ. ಬಿದ್ದು ಎದ್ದು ಕಲಿತ. ಗೇಟಿನ ಕಂಬಕ್ಕೆ ಒಂದು ಗೀರು. ಅದನ್ನೂ ಲೆಕ್ಕಕ್ಕೆ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಒಂದು ವಿಚಿತ್ರ. ಕೀ ತಿರುಗಿದ ಸದ್ದು. ಎಣಿಸಲು ಶುರು ಮಾಡಿದೆ. ಎಂಟಾಯಿತು, ಹತ್ತಾಯಿತು. ಹದಿನೈದು. ಇಪ್ಪತ್ತೆರಡಕ್ಕೆ ಸರಿಯಾಗಿ ಸ್ಟಾರ್ಟ್ ಮಾಡಿದ. ಒಂದೇ ಏಟಿಗೆ. ಹೊಗೆಯಿಲ್ಲ.

ನಾನು ಹೇಳಿಕೊಟ್ಟಿಲ್ಲ. ಯಾರಿಗೂ ಹೇಳಿಲ್ಲ. ಇಷ್ಟು ದಿನ ಪಕ್ಕದಲ್ಲಿ ಕೂತು, ಫೋನ್ ನೋಡುವವನ ಹಾಗೆ ನಟಿಸಿ, ಎಣಿಸುತ್ತಿದ್ದನೋ? ಕಳ್ಳ. ಇನ್ನೂ ಏನೇನು ಕದ್ದಿದ್ದಾನೋ.

ಏಪ್ರಿಲ್ 2, ಬುಧವಾರ

ಮಗಳು ಮಧ್ಯಾಹ್ನ ಟೀ ತಂದು ಕೊಟ್ಟು, ಹೋಗದೆ ಮಂಚದ ತುದಿಯಲ್ಲಿ ಕೂತಳು. ಇವಳ ಗಂಡ ನನ್ನ ಕಾಲು ಮುರಿದ ಕತೆಯನ್ನು ಆಗಷ್ಟೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದೆ, ಕಿಟಕಿಯಿಂದ. ಕೇಳಿಸಿಕೊಂಡಿದ್ದಾಳೆ.

"ಅಪ್ಪಾ, ಅವತ್ತು ಅಡೆ ಎಲ್ಲಿತ್ತು ಗೊತ್ತಾ?"

"ಎಲ್ಲಿತ್ತೋ. ಅವನ ಜೇಬಲ್ಲೋ ಏನೋ."

"ಡ್ಯಾಶ್‌ಬೋರ್ಡ್ ಮೇಲೆ."

ಟೀ ಕುಡಿಯುವುದನ್ನು ನಿಲ್ಲಿಸಿದೆ.

"ಹಿಂದಿನ ದಿನ ಸಂಜೆ ಅವ್ರು ಚಕ್ರಕ್ಕೆ ಅಡೆ ಕೊಟ್ಟಿದ್ದು ನಾನೇ ನೋಡಿದೀನಿ. ಬೆಳಿಗ್ಗೆ ನೀನು ಮೊದ್ಲು ಎದ್ದು ಹೋದೆ. ಅಭ್ಯಾಸಬಲದಲ್ಲಿ ತೆಗೆದು ಅಲ್ಲಿಟ್ಟಿದೀಯ, ಕೊಂಡಿ ಹಾಕೋಕೂ ಮುಂಚೆ. ಅವ್ರು ಹಿಂದಕ್ಕೆ ನೋಡ್ತಾ ಇದ್ರು, ನೀನು ಬಿದ್ಮೇಲೇ ಅದು ಕಣ್ಣಿಗೆ ಬಿತ್ತಂತೆ. ಜೇಬಿಗೆ ಹಾಕ್ಕೊಂಡ್ರು. ಆಸ್ಪತ್ರೇಲಿ ನೀನು ಅಷ್ಟು ಬೈದಾಗ್ಲೂ ಜೇಬಲ್ಲೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೋವಲ್ಲಿದಾರೆ, ಅವಮಾನ ಬೇರೆ ಯಾಕೆ ಅಂದ್ರು. ನನಗೂ ನಿನ್ನೆ ಹೇಳಿದ್ದು. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾರೆ."

ಅವಳು ಹೋದ ಮೇಲೆ ಅಂಗಳ ನೋಡಿದೆ. ನೆನಪಾಗುತ್ತದೆ. ಕೈಯಲ್ಲಿ ಮರದ ತಣ್ಣಗಿನ ತೂಕ ನೆನಪಾಗುತ್ತದೆ. ನಾನೇ ತೆಗೆದೆ. ನಾನೇ ಇಟ್ಟೆ.

ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯುತ್ತಿದೆ. ನನಗೆ ಕರುಣೆ ತೋರಿಸುವಷ್ಟು ದೊಡ್ಡವನಾದನೇ ಇವನು? ಜೇಬಿನಲ್ಲಿ ನನ್ನ ತಪ್ಪು ಇಟ್ಟುಕೊಂಡು ಮೂರು ವಾರ ನನ್ನೆದುರು ಓಡಾಡಿದ್ದಾನೆ. ನಾನು ಕೊಲೆಗಡುಕ ಅನ್ನುವಾಗ ಒಳಗೊಳಗೆ ಎಷ್ಟು ಹಿಗ್ಗಿರಬೇಡ. ಅವನು ಅಲ್ಲೇ ಎದುರು ಬಿದ್ದು ಬೈದಿದ್ದರೆ ಕ್ಷಮಿಸುತ್ತಿದ್ದೆ. ಇದನ್ನು ಕ್ಷಮಿಸುವುದು ಹೇಗೆ?

ಏಪ್ರಿಲ್ 5, ಶನಿವಾರ

ಹೊಳೆ ದಂಡೆಯವರು ಮತ್ತೆ ಕರೆದಿದ್ದಾರೆ. ಸೋಮವಾರ ಬೆಳಿಗ್ಗೆ ರೋಲರ್ ಬೇಕಂತೆ. ಊಟದ ಹೊತ್ತಿಗೆ ಎಲ್ಲರೂ ನನ್ನ ಕೋಣೆಯಲ್ಲೇ ಕೂತಿದ್ದರು. ಮಗಳ ಏರ್ಪಾಡು, ಒಟ್ಟಿಗೆ ತಿಂದರೆ ಒಂದಾಗುತ್ತೇವೆ ಅಂತ.

ಅಳಿಯ ಇವತ್ತು ಪೋಸ್ಟ್ ಆಫೀಸ್ ಬಿಟ್ಟು ನೇರ ನನಗೇ ಹೇಳಿದ. ಇಷ್ಟು ದಿನದಲ್ಲಿ ಮೊದಲ ಸಲ.

"ಮಾವ, ಸೋಮವಾರ ಇಳಿಜಾರಲ್ಲಿ ಹೋಗ್ತೀನಿ. ಆ ದಾರೀಲಿ ಭಾರ ಇಟ್ಕೊಂಡು ನಾನು ಓಡ್ಸಿಲ್ಲ. ಏನಾದ್ರೂ ಹೇಳೋದಿದ್ರೆ ಹೇಳಿ."

ಕೇಳಿದ. ಬಾಯಿಬಿಟ್ಟು ಕೇಳಿದ. ಹೇಳುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನು ಕೇಳಿದ ರೀತಿ, ಆ ಮೆತ್ತಗಿನ ದನಿ, ರೋಗಿಯ ಜೊತೆ ಮಾತಾಡುವಂಥದ್ದು. ಕಣ್ಣು ನನ್ನ ಪ್ಲಾಸ್ಟರ್ ಮೇಲಿತ್ತು. ಅಂಗಿಯ ಜೇಬು ಉಬ್ಬಿತ್ತು. ಅಡೆಯಲ್ಲ, ಫೋನು. ಆದರೂ ನನಗೆ ಅಡೆಯೇ ಕಂಡಿತು.

"ನಿಮಗೆ ಗೊತ್ತಿಲ್ದೇ ಇರೋದು ಏನಿದೆ?" ಅಂದೆ. "ಎಣಿಸೋಕೆ ಬರುತ್ತೆ. ಮುಚ್ಚಿಡೋಕೆ ಬರುತ್ತೆ. ಹೋಗ್ಬನ್ನಿ."

ಅವನ ಮುಖ ಮತ್ತೆ ಮೊದಲಿನ ಹಾಗೆ ಬಿಗಿಯಾಯಿತು. ಒಳ್ಳೆಯದು. ಈ ಮುಖವನ್ನು ಹೇಗೆ ನೋಡಬೇಕು ಅಂತ ನನಗೆ ಗೊತ್ತು.

ಎದ್ದು ಹೋಗುವಾಗ ಮಗಳಿಗೆ ಹೇಳಿದ: "ಒಂಬತ್ತೂವರೆಗೆಲ್ಲ ತಲುಪ್ತೀನಿ. ನನಗೇನು ಕಟ್ಟೆ ಹತ್ರ ದಮ್ಮು ಎಳೀಬೇಕಾ? ಸೀದಾ ಹೋಗೋದೇ."

ನಗು ಬಂತು. ಹೋಗಲಿ. ಗೇರ್ ಬೀಳದೆ ಕರ ಕರ ಅಂದಾಗ ಬೆವರಲಿ. ಯಾರ ಗಾಡಿ, ಯಾರ ಕೈ ಅಂತ ಒಂದು ಸಲ ಗೊತ್ತಾಗಲಿ. ಅಷ್ಟೇ ನನಗೆ ಬೇಕಾದದ್ದು. ಅಷ್ಟೇ.

ಏಪ್ರಿಲ್ 6, ಭಾನುವಾರ

ಮಧ್ಯಾಹ್ನ ಅವನು ಟ್ರೇಲರಿನ ಚಕ್ರಗಳಿಗೆ ಗ್ರೀಸ್ ಹಾಕಿದ. ಟೈರ್ ಗಾಳಿ ನೋಡಿದ. ರೋಲರನ್ನು ಏರಿಸಿದ. ಮೂತಿಯ ಕಡೆಗೆ ತೂಕ ಬರುವ ಹಾಗೆ ಮುಂದಕ್ಕೆ ನಿಲ್ಲಿಸಿ, ನಾಲ್ಕು ಕಡೆ ಸರಪಳಿ ಬಿಗಿದ. ಎಲ್ಲ ಸರಿ. ಎಲ್ಲೂ ಬೆರಳು ತೋರಿಸುವ ಹಾಗಿಲ್ಲ.

ಎರಡು ಸಲ ಕಿಟಕಿಯ ಕಡೆ ನೋಡಿದ. ನಾನು ಪೇಪರ್ ಎತ್ತಿ ಹಿಡಿದೆ. ಪೇಪರ್ ಹಳೆಯದು, ಗುರುವಾರದ್ದು.

ಎಡಗೈ ಹೇಳಿದ್ದು ಬೇಡ ಬೇಡವೆಂದರೂ ತಲೆಯಲ್ಲಿ ತಿರುಗುತ್ತಿದೆ. ಬರೀ ಬ್ರೇಕ್ ಮೇಲೆ ಏಳು ತಿರುವು. ನಾಳೆ ಬೆಳಿಗ್ಗೆ ಹೇಳಿದರಾಯಿತು. ಹೊರಡುವ ಮುಂಚೆ. ಒಂದೇ ಮಾತು. ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದರೂ ನಡೆಯುತ್ತದೆ.

ಹೇಳಿದರೆ ಗಾಡಿ ಹೋಯಿತು. ಅದೂ ಇದೆ.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 8.05

ಇಪ್ಪತ್ತೆರಡು. ಸ್ಟಾರ್ಟ್. ಹೊರಟ.

ಎಚ್ಚರವಾಗಿಯೇ ಇದ್ದೆ. ಕಣ್ಣು ಮುಚ್ಚಿಕೊಂಡಿದ್ದೆ. ಹೊರಡುವ ಮುಂಚೆ ಬಾಗಿಲ ಹತ್ತಿರ ಬಂದು ನಿಂತ. "ಮಲಗಿದಾರೆ, ಎಬ್ಬಿಸ್ಬೇಡಿ" ಅಂದಳು ಹೆಂಡತಿ. "ಬರ್ತೀನಿ ಅಂತ ಹೇಳಿ" ಅಂದ. ಚಪ್ಪಲಿ ಸದ್ದು ದೂರವಾಯಿತು. ನಾನು ಕಣ್ಣು ತೆರೆಯಲಿಲ್ಲ.

8.25

ಭಾರ ಇದ್ದಾಗ ಕಟ್ಟೆಯವರೆಗೆ ಐವತ್ತು ನಿಮಿಷ. ಅವನು ಸ್ವಲ್ಪ ಬೇಗ. ನಲವತ್ತೈದು ಅನ್ನೋಣ. 8.50.

ಟೀ ತಣ್ಣಗಾಯಿತು.

8.32

ಫೋನ್ ಮಾಡಿದೆ. ಮಾಡುವುದಿಲ್ಲ ಅಂದುಕೊಂಡಿದ್ದೆ, ಕೈ ಮಾಡಿತು. ಹೇಳಿಬಿಡುತ್ತೇನೆ. ಗಾಡಿ ಹೋದರೆ ಹೋಗಲಿ. ರಿಂಗ್ ಆಯಿತು, ಪೂರ್ತಿ ಆಯಿತು. ಎತ್ತಲಿಲ್ಲ.

8.34

ಮತ್ತೆ. ಎತ್ತಲಿಲ್ಲ.

8.36

ನಾಲ್ಕು ಸಲ. ಎತ್ತುವುದಿಲ್ಲ ಅವನು. ಈಗ ಗೊತ್ತಾಯಿತು. ಫೋನು ಡಬ್ಬಿಯಲ್ಲಿದೆ. ಕೊಂಡಿ ಸಿಕ್ಕಿಸಿದ ಮೇಲೆ ಡಬ್ಬಿಯಲ್ಲಿ. ನಾನೇ ಮಾಡಿದರೂ, ಹೆಂಡತಿಯೇ ಮಾಡಿದರೂ, ಮನೆಗೆ ಬೆಂಕಿ ಬಿದ್ದರೂ. ಆ ದಿನದ ನಂತರ ಒಂದು ಸಲವೂ ಎತ್ತಿಲ್ಲ, ಮಗಳು ಸಿಟ್ಟು ಮಾಡಿದ್ದು ನನಗೆ ಗೊತ್ತಿದೆ. ಈ ಮನೆಯಲ್ಲಿ ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳುವವನು ಅವನೊಬ್ಬನೇ. ಅಯ್ಯೋ.

8.39

ಮಗಳನ್ನು ಕೂಗಿದೆ. ಹೇಳಿದೆ. ಗೇರು, ಕಟ್ಟೆ, ಎಲ್ಲ.

"ಮತ್ತೆ ಸಿಗರೇಟು?" ಅಂದಳು.

"ಸೇದಲ್ಲಮ್ಮ. ಸುಮ್ನೆ ಹಚ್ತೀನಿ. ನಿಲ್ಲೋಕೆ ಒಂದು ನೆಪ ಬೇಕಿತ್ತು."

"ಅವ್ರು ಕೇಳಿದ್ರಲ್ಲಪ್ಪ. ಶನಿವಾರ ಇಲ್ಲೇ ಕೂತು ಕೇಳಿದ್ರಲ್ಲ!"

ಅಷ್ಟೇ. ಬೇರೆ ಬೈಗುಳವಿಲ್ಲ. ಪಕ್ಕದ ಮನೆಯವರ ಸ್ಕೂಟರ್ ಕಸಿದುಕೊಂಡ ಹಾಗೆ ತೆಗೆದುಕೊಂಡು ಹೋದಳು. ತಲುಪುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು.

ಹೊಳೆ ದಂಡೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಇನ್ನೂ ಬಂದಿಲ್ಲ ಸಾರ್, ಟೈಮಿದೆಯಲ್ಲ" ಅಂದ. ಮೇಲಕ್ಕೆ ಯಾರನ್ನಾದರೂ ಕಳಿಸು ಅಂದೆ. "ಯಾಕೆ ಸಾರ್?" ಅಂದ. ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

8.48

ಮೆಸೇಜ್ ಹಾಕಿದೆ. ಓದುವುದಿಲ್ಲ. ಓದಕೂಡದು ಅಂದವನೂ ನಾನೇ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಬೈದರೆ ಚೆನ್ನಾಗಿತ್ತು. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಂಟನ್ನು ಇಪ್ಪತ್ತೆರಡು ಮಾಡಿಕೊಂಡವನು ಅವನು. ನಾನು ಹೇಳದ್ದನ್ನೂ ನೋಡಿ ಕಲಿತವನು. ಕಟ್ಟೆಯ ಹತ್ತಿರ ನಾನು ನಿಂತಲ್ಲೇ ಗೇರ್ ಹಾಕುವುದನ್ನೂ ನೋಡಿರುತ್ತಾನೆ. ನೋಡಿರಬೇಕು. ಕಳ್ಳ ಅಂತ ಬರೆದೆನಲ್ಲ, ಇದೊಂದನ್ನು ಕದ್ದಿರಲಿ.

8.53

ಈಗ ಅಲ್ಲಿರಬೇಕು.

ಶನಿವಾರ ಹೇಳಬೇಕಾಗಿದ್ದದ್ದು ಇಷ್ಟೇ: ಕಟ್ಟೆ ಹತ್ರ ನಿಲ್ಸಪ್ಪ. ದಮ್ಮಿಗಲ್ಲ. ಬ್ರೇಕು ಆರಲಿ. ಆಮೇಲೆ ನಿಂತಲ್ಲೇ ಎರಡನೇ ಗೇರ್ ಹಾಕು, ಕೆಳಗೆ ಹೋಗೋವರೆಗೂ ಬದಲಾಯಿಸ್ಬೇಡ. ಅವಸರ ಮಾಡ್ಬೇಡ. ಅಡೆ ತೆಗೆದಿಟ್ಟಿದ್ದು ನಾನೇ. ಇಷ್ಟು ಹೇಳಲು ಒಂದು ನಿಮಿಷ ಬೇಕಾಗಿರಲಿಲ್ಲ.

9.04

ಫೋನು. ಅವನ ಹೆಸರು. ಈ ಹೆಸರು ನೋಡಿ ನನಗೆ ಸಂತೋಷವಾದದ್ದು ಇದೇ ಮೊದಲು. ನಿಲ್ಲಿಸಿದ್ದಾನೆ. ನಿಲ್ಲಿಸದೆ ಫೋನ್ ಮುಟ್ಟುವವನಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಚಕ್ರಕ್ಕೆ ಅಡೆ ಕೊಟ್ಟು — ಅಥವಾ ಯಾರೋ ಅವನ ಫೋನು ಎತ್ತಿಕೊಂಡು —

ಮೇಲೆ ಕಟ್ಟೆಯ ಹತ್ತಿರ ನಿಂತನೋ, ಕೆಳಗೆ ಯಾವುದೋ ತಿರುವಿನಲ್ಲೋ. ಎತ್ತುತ್ತಿದ್ದೇನೆ.